ಬೇರಿನೊಳಗಿನ ರೂಪ: ಮರದ ಸಹಜ ಆಕಾರದಲ್ಲಿ ಶಿಲ್ಪ ಕಾಣುವವರಿಗೆ ಒಂದು ಮಾರ್ಗದರ್ಶಿ

ಮರದ ಕೆತ್ತನೆ ಎಂದೊಡನೆ ನೆನಪಾಗುವುದು ಚೌಕಟ್ಟಾಗಿ ಕೊಯ್ದ ದಿಮ್ಮಿ, ಅದರ ಮೇಲೆ ಪೆನ್ಸಿಲ್ ಗೆರೆ, ಗೆರೆಯಾಚೆಗಿನದನ್ನೆಲ್ಲ ಕಿತ್ತೆಸೆಯುವ ಉಳಿ. ಇಲ್ಲಿ ಹೇಳಹೊರಟಿರುವ ಕೆಲಸದ ದಾರಿ ಬೇರೆ. ಬಂಡೆಯ ಸಂದಿಯಲ್ಲಿ ನುಗ್ಗಿ ಚಪ್ಪಟೆಯಾದ ಬೇರು, ಗಾಯ ಮಾಯ್ದು ಉಬ್ಬಿದ ಗಂಟು, ಬೆಳಕಿನತ್ತ ಹೊರಳಿ ಬಾಗಿದ ಕೊಂಬೆ, ನೀರಿನಲ್ಲಿ ಉರುಳಿ ಸವೆದ ಬೊಡ್ಡೆ: ಇವುಗಳಲ್ಲಿ ಆಕಾರ ಆಗಲೇ ಬಂದುಬಿಟ್ಟಿರುತ್ತದೆ. ಅದನ್ನು ಗುರುತಿಸಿ, ಕೆಡಿಸದೆ ಮುಂದಕ್ಕೆ ತರುವುದಷ್ಟೇ ನಮ್ಮ ಪಾಲು.

ಕಲಾಶಾಲೆಯ ಮೆಟ್ಟಿಲು ಹತ್ತದೆ ಇದನ್ನು ಸಾಧಿಸಿದವರಿದ್ದಾರೆ. ಅಮೆರಿಕದ ಟೆನೆಸಿಯಲ್ಲಿ ಬದುಕಿದ ಬೆಸಿ ಹಾರ್ವೆ (1929–1994) ಆಸ್ಪತ್ರೆಯ ಕೆಲಸದ ಜೊತೆಗೇ ಬೇರು ಕೊಂಬೆಗಳಲ್ಲಿ ಮುಖಗಳನ್ನು ಕಂಡುಕೊಂಡವರು. ಅವರು ತೀರಿಕೊಂಡ ಮರುವರ್ಷ, 1995ರಲ್ಲಿ, ನ್ಯೂಯಾರ್ಕಿನ ವಿಟ್ನಿ ದ್ವೈವಾರ್ಷಿಕ ಪ್ರದರ್ಶನದಲ್ಲಿ ಅವರ ಶಿಲ್ಪಗಳಿದ್ದವು. ಚೀನಾದಲ್ಲಿ ಬೇರುಶಿಲ್ಪಕ್ಕೆ ಒಂದು ಪರಂಪರೆಯೇ ಇದೆ. ಏಳು ಪಾಲು ಪ್ರಕೃತಿಯದು, ಮೂರು ಪಾಲು ಮನುಷ್ಯನದು ಎಂಬುದು ಅಲ್ಲಿನ ಶಿಲ್ಪಿಗಳ ಲೆಕ್ಕ. ಕಲಿಯುವವರ ಮಟ್ಟಿಗೆ ಮೂರು ಪಾಲೂ ಹೆಚ್ಚಾಯಿತೆಂದೇ ನನ್ನ ಎಣಿಕೆ. ಒಂದು ಪಾಲಿನಿಂದ ಶುರುಮಾಡಿ.

ಮರ ಆರಿಸುವುದು

ಗಾಳಿಮಳೆಗೆ ಬುಡಮೇಲಾದ ಮರ, ಸವರಿ ಹಾಕಿದ ಕೊಂಬೆ, ನಿವೇಶನ ಸಮತಟ್ಟು ಮಾಡುವಾಗ ಕಿತ್ತ ಬೊಡ್ಡೆ, ನೀರು ಇಳಿದ ಮೇಲೆ ದಡದಲ್ಲಿ ಉಳಿದ ತುಂಡು ಇವೆಲ್ಲ ನಡೆಯುತ್ತವೆ. ಜಾಗದ ಒಡೆಯರನ್ನು ಕೇಳಿಯೇ ಎತ್ತಿಕೊಳ್ಳಿ. ರಕ್ಷಿತ ಅರಣ್ಯದಲ್ಲಿ ಬಿದ್ದ ಮರವೂ ಸಾಮಾನ್ಯವಾಗಿ ಮುಟ್ಟುವಂತಿಲ್ಲ. ಅದು ಹುಳ, ಹಕ್ಕಿ, ಅಣಬೆಗಳ ಮನೆ ಕೂಡ. ಶಿಲ್ಪಕ್ಕೆಂದು ಜೀವಂತ ಮರದ ಬುಡ ಅಗೆಯುವುದಂತೂ ಬೇಡವೇ ಬೇಡ.

ಸಿಕ್ಕಿದ್ದನ್ನು ಕೈಯಲ್ಲಿ ಹಿಡಿದು ಮೂರು ಪರೀಕ್ಷೆ ಮಾಡಿ. ಉಗುರಿನಿಂದ ಒತ್ತಿ: ಗೀರು ಮಾತ್ರ ಬಿದ್ದರೆ ಒಳ್ಳೆಯದು, ಉಗುರೇ ಹೂತರೆ ಹೊರಪದರ ಕೊಳೆತಿದೆ. ದಬ್ಬಳವನ್ನು ನಾಲ್ಕಾರು ಕಡೆ ಚುಚ್ಚಿ: ಗಟ್ಟಿ ಮರದಲ್ಲಿ ಅದು ಸಿಕ್ಕಿಕೊಳ್ಳುತ್ತದೆ, ಕೊಳೆತಲ್ಲಿ ಸಲೀಸಾಗಿ ಇಳಿಯುತ್ತದೆ. ಕಲ್ಲಿನಿಂದ ತಟ್ಟಿ: ಖಣ್ಣೆಂದರೆ ಒಳಗೆ ಜೀವವಿದೆ, ಮಂಕಾಗಿ ಬಡಿದರೆ ಒಳಗೆ ಟೊಳ್ಳೋ ತೇವವೋ ಇದೆ. ಅಲ್ಲಲ್ಲಿ ಕೊಳೆತ ತುಂಡನ್ನು ಬಿಸಾಡಬೇಡಿ. ಹೊರಗಿನ ಬಿಳಿ ಮರ ಕೊಳೆತು, ಒಳಗಿನ ಚೇಗು ಉಳಿದ ಬೊಡ್ಡೆಗಳಲ್ಲೇ ಅತ್ಯಂತ ವಿಚಿತ್ರವಾದ ಮಡಿಕೆಗಳು, ತೂತುಗಳು ಸಿಗುವುದು.

ಕೆಲವನ್ನು ಮಾತ್ರ ಅಲ್ಲೇ ಬಿಟ್ಟುಬನ್ನಿ. ಬಣ್ಣ ಬಳಿದ ಹಳೆಯ ಮರದ ಬಣ್ಣದಲ್ಲಿ ಸೀಸವಿರಬಹುದು. ತುಸು ಹಸಿರು ಛಾಯೆಯ ಹಳೆಯ ಬೇಲಿ ಕಂಬಗಳಿಗೆ ಆರ್ಸೆನಿಕ್ ಇರುವ ಸಂರಕ್ಷಕ ಕುಡಿಸಿರಬಹುದು. ಕಣಗಿಲೆ ಪೂರ್ತಿ ವಿಷ. ಗೇರಿನ ಜಾತಿಯ ಮರಗಳ ಸೊನೆ ಚರ್ಮವನ್ನು ಸುಡುತ್ತದೆ. ಯಾವ ಮರವೆಂದೇ ತಿಳಿಯದಿದ್ದರೆ ಕೈಗವಸು ತೊಟ್ಟು, ತಿಳಿದವರನ್ನು ಕೇಳಿ ಮುಂದುವರಿಯಿರಿ.

ಸಮುದ್ರದ ದಡದ ಮರಕ್ಕೆ ಇನ್ನೊಂದು ಕೆಲಸ ಹೆಚ್ಚು. ಅದರಲ್ಲಿ ಇಂಗಿರುವ ಉಪ್ಪು ಗಾಳಿಯ ತೇವವನ್ನು ಎಳೆಯುತ್ತಲೇ ಇರುತ್ತದೆ, ಮೆರುಗೆಣ್ಣೆ ಹಿಡಿಯಲು ಬಿಡುವುದಿಲ್ಲ. ಸಿಹಿನೀರಿನಲ್ಲಿ ಮುಳುಗಿಸಿ, ಕೆಲವು ದಿನಕ್ಕೊಮ್ಮೆ ನೀರು ಬದಲಿಸುತ್ತ, ನೀರಿನಲ್ಲಿ ಉಪ್ಪಿನ ರುಚಿ ಹೋಗುವವರೆಗೂ ನೆನೆಸಬೇಕು.

ಒಣಗಿಸುವುದು: ಎಲ್ಲರೂ ಅವಸರಪಡುವ ಹಂತ

ಹೆಚ್ಚಿನ ಶಿಲ್ಪಗಳು ಹಾಳಾಗುವುದು ಉಳಿಯಿಂದಲ್ಲ, ಒಣಗಿಸುವಲ್ಲಿ. ಕಾರಣ ಗೊತ್ತಿದ್ದರೆ ತಾಳ್ಮೆ ತಾನಾಗಿ ಬರುತ್ತದೆ.

ಹಸಿ ಮರದಲ್ಲಿ ನೀರು ಎರಡು ಕಡೆ ಇರುತ್ತದೆ: ಜೀವಕೋಶಗಳ ಟೊಳ್ಳಿನಲ್ಲಿ ಮತ್ತು ಅವುಗಳ ಗೋಡೆಯಲ್ಲಿ. ಟೊಳ್ಳಿನ ನೀರು ಹೋಗುವಾಗ ಮರ ಹಗುರವಾಗುತ್ತದೆಯೇ ಹೊರತು ಕುಗ್ಗುವುದಿಲ್ಲ. ತೇವಾಂಶ ಸುಮಾರು 30 ಶೇಕಡಾಕ್ಕಿಂತ ಕೆಳಗಿಳಿದಾಗ ಗೋಡೆಯ ನೀರು ಹೋಗಲು ಶುರುವಾಗುತ್ತದೆ, ಆಗ ಕುಗ್ಗುವಿಕೆ ಆರಂಭ. ಆ ಕುಗ್ಗುವಿಕೆಯೂ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. ವರ್ಷದ ಬಳೆಗಳ ಗುಂಟ ಅದು, ತಿರುಳಿನಿಂದ ತೊಗಟೆಯ ದಿಕ್ಕಿಗೆ ಆಗುವುದರ ಸುಮಾರು ಎರಡು ಪಟ್ಟು. ಉದ್ದಕ್ಕೆ ಇಲ್ಲವೆನ್ನುವಷ್ಟು ಕಡಿಮೆ. ಸುತ್ತಳತೆ ಹೆಚ್ಚು ಕುಗ್ಗಬೇಕು, ಒಳಗಿನ ಮರ ಅದಕ್ಕೆ ಜಾಗ ಕೊಡುವುದಿಲ್ಲ. ಹಾಗಾಗಿ ತಿರುಳು ಒಳಗೇ ಇರುವ ದುಂಡು ಕೊಂಬೆ ಎಲ್ಲಾದರೂ ಒಂದು ಕಡೆ ತೊಗಟೆಯಿಂದ ತಿರುಳಿನವರೆಗೆ ಸೀಳುವುದು ಬಹುಪಾಲು ಖಚಿತ.

ಸೀಳು ಎಲ್ಲಿ ಬೀಳಬೇಕೆಂಬುದನ್ನು ಮಾತ್ರ ನಾವು ನಿರ್ಧರಿಸಬಹುದು. ಜಪಾನಿನ ಬಡಗಿಗಳು ತಿರುಳಿರುವ ಕಂಬಗಳ ಹಿಂಬದಿಯಲ್ಲಿ, ಕಣ್ಣಿಗೆ ಬೀಳದ ಕಡೆ, ಉದ್ದಕ್ಕೂ ತಿರುಳಿನವರೆಗೆ ಗರಗಸದ ಒಂದು ಗೀರು ಹಾಕಿಬಿಡುತ್ತಾರೆ. ಒಣಗುವಾಗ ಆ ಗೀರೇ ಬಾಯಿ ತೆರೆಯುತ್ತದೆ, ಮುಂಬದಿ ನೆಟ್ಟಗೆ ಉಳಿಯುತ್ತದೆ. ದಪ್ಪ ಕೊಂಬೆಯ ಶಿಲ್ಪಕ್ಕೂ ಈ ಉಪಾಯ ಹೊಂದುತ್ತದೆ. ಹಿಂಬದಿ ಯಾವುದೆಂದು ಮೊದಲೇ ನಿರ್ಧರಿಸಿರಬೇಕು, ಅಷ್ಟೇ. ಬೊಡ್ಡೆಯಾದರೆ ಅಡಿಯಿಂದ ಒಳಗನ್ನು ಕೆರೆದು ಟೊಳ್ಳು ಮಾಡಿದರೂ ಬಿಗಿತ ಕಡಿಮೆಯಾಗುತ್ತದೆ.

ಮಾಡಬೇಕಾದದ್ದು ಇಷ್ಟು. ಮನೆಗೆ ತಂದ ದಿನವೇ ಕತ್ತರಿಸಿದ ತುದಿಗಳಿಗೆ ಕರಗಿಸಿದ ಮೇಣವನ್ನೋ ದಪ್ಪನೆಯ ಬಣ್ಣವನ್ನೋ ಬಳಿಯಿರಿ. ನೀರು ತುದಿಗಳಿಂದ ಬಲು ಬೇಗ ಹೊರಬೀಳುತ್ತದೆ, ಮೊದಲ ಬಿರುಕುಗಳು ಅಲ್ಲೇ. ನೆರಳಿನಲ್ಲಿ, ಗಾಳಿಯಾಡುವಲ್ಲಿ, ನೆಲಕ್ಕೆ ತಾಗದಂತೆ ಪಟ್ಟಿಗಳ ಮೇಲಿಡಿ. ಬಿಸಿಲು ಬೇಡ, ಒಲೆಯ ಮಗ್ಗುಲು ಬೇಡ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಬೂಷ್ಟು ಹಿಡಿಯುತ್ತದೆ. ಸುಮಾರು 25 ಮಿಲಿಮೀಟರ್ ದಪ್ಪಕ್ಕೆ ಒಂದು ವರ್ಷ ಎಂಬುದು ಬಡಗಿಗಳ ಹಳೆಯ ಅಂದಾಜು. ಮರ, ಹವೆಗೆ ತಕ್ಕಂತೆ ಅದು ಹೆಚ್ಚುಕಡಿಮೆಯಾಗುತ್ತದೆ. ಅಂದಾಜಿಗಿಂತ ತಕ್ಕಡಿ ನಂಬಿಕೆಗೆ ಅರ್ಹ. ತುಂಡನ್ನು ತೂಗಿ, ತಾರೀಖು ಮತ್ತು ತೂಕವನ್ನು ಅದರ ಮೇಲೆಯೇ ಪೆನ್ಸಿಲಿನಲ್ಲಿ ಬರೆಯಿರಿ. ಎರಡು ವಾರಕ್ಕೊಮ್ಮೆ ಮತ್ತೆ ತೂಗಿ. ಮೊದಮೊದಲು ತೂಕ ದಡದಡನೆ ಇಳಿಯುತ್ತದೆ, ಆಮೇಲೆ ನಿಧಾನ. ಸತತ ಮೂರು ಬಾರಿ ಅದೇ ಅಂಕಿ ಬಂದರೆ ಮರ ನಿಮ್ಮ ಕೋಣೆಯ ಗಾಳಿಗೆ ಹೊಂದಿಕೊಂಡಿತು.

ಕಾಯಲು ಮನಸ್ಸಿಲ್ಲದವರಿಗೆ ಬೇರೊಂದು ದಾರಿಯೂ ಇದೆ. ಬ್ರಿಟನ್ನಿನ ಶಿಲ್ಪಿ ಡೇವಿಡ್ ನ್ಯಾಶ್ ಹಸಿ ಮರವನ್ನೇ ಕಡಿದು, ಅದು ಬಿರಿದು ಸೊಟ್ಟಗಾಗುವುದನ್ನೂ ಕೃತಿಯ ಭಾಗವೆಂದೇ ಒಪ್ಪಿಕೊಂಡವರು. ಆ ದಾರಿ ಹಿಡಿಯುವವರು ಕಣ್ಣು ಮೂಗು ಇರುವ ಮುಖ ಕೆತ್ತುವುದನ್ನು ಬಿಟ್ಟು, ಬಿರುಕು ಎಲ್ಲಿ ಬಂದರೂ ತಾಳಿಕೊಳ್ಳುವ ಸರಳ ಆಕಾರಗಳನ್ನು ಆರಿಸಿಕೊಳ್ಳಬೇಕು.

ಹುಳುಗಳ ಕಾಟ

ತೊಗಟೆಯನ್ನು ಮರದ ಮೇಲೆಯೇ ಉಳಿಸಿದರೆ ಒಣಗುವಿಕೆ ನಿಧಾನವಾಗುತ್ತದೆ, ಆದರೆ ಕೊರೆಹುಳುಗಳು ಮೊಟ್ಟೆಯಿಡುವುದೂ ಹೆಚ್ಚಾಗಿ ಅದರ ಅಡಿಯಲ್ಲೇ. ನಾನು ತೊಗಟೆ ತೆಗೆಯುವವರ ಪಕ್ಷ. ಒಂದೆರಡು ಮಿಲಿಮೀಟರ್ ಅಗಲದ ದುಂಡು ತೂತುಗಳು, ಅವುಗಳಿಂದ ಉದುರುವ ಹಿಟ್ಟಿನಂಥ ನಯವಾದ ಪುಡಿ ಕಂಡರೆ ಪುಡಿಹುಳು ಒಳಗಿದೆಯೆಂದು ತಿಳಿಯಿರಿ. ಅದು ಪಿಷ್ಟವಿರುವ ಬಿಳಿ ಮರವನ್ನು ತಿನ್ನುತ್ತದೆ, ಚೇಗಿನ ತಂಟೆಗೆ ಸಾಮಾನ್ಯವಾಗಿ ಹೋಗುವುದಿಲ್ಲ.

ಹಸಿಯಿರುವಾಗಲೇ ಬೋರಾಕ್ಸ್ ಮತ್ತು ಬೋರಿಕ್ ಆಮ್ಲದ ದ್ರಾವಣ ಕುಡಿಸುವುದು ಸುಲಭದ ಉಪಾಯ. ತೇವದ ಮೂಲಕವೇ ಅದು ಒಳಗಿಳಿಯುತ್ತದೆ, ಒಣಮರದಲ್ಲಿ ಮೇಲ್ಪದರದಲ್ಲೇ ನಿಲ್ಲುತ್ತದೆ. ಒಣಗಿದ ಚಿಕ್ಕ ತುಂಡಾದರೆ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ ಮೈನಸ್ 18 ಡಿಗ್ರಿಯ ಫ್ರೀಜರ್‌ನಲ್ಲಿ ಎರಡು ವಾರ ಇಡಬಹುದು. ಶಾಖವೂ ಕೆಲಸ ಮಾಡುತ್ತದೆ: ದೇಶದಿಂದ ದೇಶಕ್ಕೆ ಹೋಗುವ ಮರದ ಪೆಟ್ಟಿಗೆಗಳಿಗೆ ಇರುವ ಅಂತಾರಾಷ್ಟ್ರೀಯ ನಿಯಮ ತಿರುಳಿನವರೆಗೆ 56 ಡಿಗ್ರಿ ಸೆಲ್ಸಿಯಸ್ ಮುಟ್ಟಿ 30 ನಿಮಿಷ ಉಳಿಯಬೇಕೆನ್ನುತ್ತದೆ. ಮನೆಯಲ್ಲಿ ಅಷ್ಟು ಸಮವಾಗಿ ಕಾಯಿಸುವುದು ಕಷ್ಟ, ಮರವೂ ಬಿರಿಯಬಹುದು. ಹಾಗಾಗಿ ನನ್ನ ಒಲವು ಫ್ರೀಜರಿನತ್ತ.

ನೋಡುವುದು

ಮರ ಒಣಗುವ ತಿಂಗಳುಗಳೇ ನೋಡುವ ತಿಂಗಳುಗಳು. ದಿನವೂ ಓಡಾಡುವ ಜಾಗದಲ್ಲಿ ತುಂಡನ್ನಿಡಿ. ವಾರಕ್ಕೊಮ್ಮೆ ಅದರ ಭಂಗಿ ಬದಲಿಸಿ: ತಲೆಕೆಳಗು, ಮಗ್ಗುಲು, ಗೋಡೆಗೆ ಒರಗಿ, ದಾರದಲ್ಲಿ ತೂಗುಹಾಕಿ. ಬೇರಿನ ತುಂಡುಗಳಲ್ಲಿ ಹತ್ತಕ್ಕೆ ಎಂಟು ತಲೆಕೆಳಗಾದಾಗಲೇ ಮಾತಾಡುತ್ತವೆ ಎಂಬುದು ನನ್ನ ಅನಿಸಿಕೆ. ಮಣ್ಣಿನಲ್ಲಿ ಕೆಳಮುಖವಾಗಿ ಹರಡಿದ್ದು ಮೇಲ್ಮುಖವಾದಾಗ ಕೈಗಳಾಗುತ್ತವೆ, ಕೋಡುಗಳಾಗುತ್ತವೆ. ರಾತ್ರಿ ಟಾರ್ಚ್ ಹಿಡಿದು ಅದರ ನೆರಳನ್ನು ಗೋಡೆಯ ಮೇಲೆ ಬೀಳಿಸಿ. ಬಣ್ಣ, ಒರಟುತನಗಳೆಲ್ಲ ಮರೆಯಾಗಿ ಹೊರರೇಖೆ ಮಾತ್ರ ಉಳಿಯುತ್ತದೆ. ಮೊಬೈಲ್‌ನಲ್ಲಿ ಕಪ್ಪುಬಿಳುಪು ಚಿತ್ರ ತೆಗೆದು ತಿರುಗಿಸಿ ನೋಡಿದರೂ ಅದೇ ಪ್ರಯೋಜನ.

ಮೊದಲು ಕಾಣುವುದು ಸಾಮಾನ್ಯವಾಗಿ ಹಾವು, ಹಕ್ಕಿ, ಜಿಂಕೆ. ಅದಕ್ಕೆ ಕೂಡಲೇ ಒಪ್ಪಿಗೆ ಕೊಡಬೇಡಿ. ಕೊಕ್ಕಿನಂಥ ಒಂದು ಚುಂಚು ಕಂಡಿತೆಂದು ಇಡೀ ತುಂಡನ್ನು ಹಕ್ಕಿ ಮಾಡಹೊರಟರೆ ಉಳಿದ ಮುಕ್ಕಾಲು ಭಾಗವನ್ನು ಕಡಿಯಬೇಕಾಗುತ್ತದೆ. ಏನಿದು ಎಂದು ಕೇಳುವ ಬದಲು ಏನು ಮಾಡುತ್ತಿದೆ ಎಂದು ಕೇಳಿ. ಬಾಗುತ್ತಿದೆಯೇ, ತಿರುಚಿಕೊಳ್ಳುತ್ತಿದೆಯೇ, ಎದ್ದು ನಿಲ್ಲಲು ಹವಣಿಸುತ್ತಿದೆಯೇ? ಆ ಚಲನೆಯ ಮುಖ್ಯ ಗೆರೆಯನ್ನು ಸೀಮೆಸುಣ್ಣದಿಂದ ಮರದ ಮೇಲೆಯೇ ಎಳೆಯಿರಿ. ಗೆರೆಗೆ ಅಡ್ಡ ಬರುವ ಕವಲುಗಳಿಗೆ ಗುರುತು ಹಾಕಿ, ಆದರೆ ಕತ್ತರಿಸಬೇಡಿ. ಅವುಗಳ ಮೇಲೆ ಬಟ್ಟೆ ಸುತ್ತಿ ಕೆಲವು ದಿನ ನೋಡಿ. ಬಟ್ಟೆ ಸುತ್ತಿದಾಗ ರೂಪ ಬಡವಾಯಿತೆನಿಸಿದರೆ ಕವಲು ಉಳಿಯಲಿ.

ಬಂಗಾಳದ ಚಿತ್ರಕಾರ ಅಬನೀಂದ್ರನಾಥ ಟಾಗೋರರು ಇಳಿವಯಸ್ಸಿನಲ್ಲಿ ಕುಂಚ ಬದಿಗಿಟ್ಟು ಕಡ್ಡಿ, ಬೇರು, ಮರದ ಚೂರುಗಳಿಂದ ಆಟಿಕೆಗಳಂಥ ರೂಪಗಳನ್ನು ಮಾಡಿದರು. ಅವನ್ನು ಕುಟುಮ್ ಕಾಟಾಮ್ ಎಂದು ಕರೆದರು. ಅವುಗಳಲ್ಲಿ ಕೆತ್ತನೆ ಬಹಳ ಕಡಿಮೆ, ಆಯ್ಕೆಯೇ ಹೆಚ್ಚು. ಬೆಸಿ ಹಾರ್ವೆಯವರದು ಇದರ ಎದುರು ದಿಕ್ಕು: ಬಣ್ಣ, ಮಣಿ, ಬಟ್ಟೆ ಸೇರಿಸಿ ಮರದಲ್ಲಿ ಕಂಡ ಮುಖವನ್ನು ಎಲ್ಲರಿಗೂ ಕಾಣುವಂತೆ ಮಾಡಿದರು. ಎರಡೂ ಸರಿಯೇ. ಬೇರಿಗೆ ಪ್ಲಾಸ್ಟಿಕ್ ಕಣ್ಣು ಅಂಟಿಸಿ ಮುಗಿಸುವ ಮಧ್ಯದ ದಾರಿ ಮಾತ್ರ ಎಲ್ಲಿಗೂ ಹೋಗುವುದಿಲ್ಲ.

ತೊಳೆದು ಬಿಡಿಸುವುದು

ಬೇರಿನ ಸಂದುಗಳಲ್ಲಿ ಮರಳು, ಹರಳು ಸಿಕ್ಕಿಕೊಂಡಿರುತ್ತವೆ. ಅವನ್ನು ತೆಗೆಯದೆ ಉಳಿ ಇಟ್ಟರೆ ಅಲಗು ಅಂದೇ ಮುಕ್ಕಾಗುತ್ತದೆ. ಹಸಿಯಾಗಿರುವಾಗಲೇ ಪೈಪಿನ ನೀರು ಬಿಟ್ಟು, ನಾರಿನ ಬ್ರಷ್‌ನಿಂದ ಉಜ್ಜಿ ತೊಳೆಯುವುದು ಮೇಲು.

ಒಣಗಿದ ಮೇಲೆ ಕೊಳೆತದ್ದನ್ನು ಬಿಡಿಸುವ ಸರದಿ. ಈ ಕೆಲಸಕ್ಕೆ ಹರಿತವಾದ ಆಯುಧ ಕೂಡದು. ಮೊಂಡಾದ ಸ್ಕ್ರೂಡ್ರೈವರ್, ಬಿದಿರಿನ ಕಡ್ಡಿ, ಹಿತ್ತಾಳೆಯ ತಂತಿ ಬ್ರಷ್ ಸಾಕು. ಕೊಳೆತ ಭಾಗ ಪುಡಿಯಾಗಿ, ಕಂದು ಚೌಕ ಚೂರುಗಳಾಗಿ ಉದುರುತ್ತದೆ. ಕೆರೆಯುತ್ತ ಹೋದಂತೆ ಕೈಗೆ ಬರುವ ಸದ್ದು ಬದಲಾಗುತ್ತದೆ: ಸರಸರ ಎನ್ನುತ್ತಿದ್ದದ್ದು ಕರಕರ ಎನ್ನುತ್ತದೆ. ಅಲ್ಲಿ ಗಟ್ಟಿ ಮರ ಶುರು, ಅಲ್ಲೇ ನಿಲ್ಲಿಸಿ. ಆ ಗಡಿ ಎಂದೂ ನೇರವಾಗಿರುವುದಿಲ್ಲ. ಗಂಟಿನ ಸುತ್ತ ಅದು ಸುಳಿಯಾಗಿ ತಿರುಗುತ್ತದೆ, ಕವಲಿನ ಕಂಕುಳಲ್ಲಿ ಆಳಕ್ಕೆ ಇಳಿಯುತ್ತದೆ, ಹಳೆಯ ಕೊಂಬೆ ಮುರಿದಲ್ಲಿ ಮೊಳೆಯಂತೆ ಚುಚ್ಚಿ ಹೊರಬರುತ್ತದೆ. ಹೀಗೆ ಬಿಡಿಸಿದ ಮೇಲ್ಮೈಯಲ್ಲಿ ಉಳಿಯ ಗುರುತು ಒಂದೂ ಇರುವುದಿಲ್ಲ. ಎಷ್ಟೋ ತುಂಡುಗಳ ವಿಷಯದಲ್ಲಿ ಶಿಲ್ಪಿಯ ಕೆಲಸ ಇಲ್ಲಿಗೇ ಮುಗಿಯುತ್ತದೆ.

ಮುಖಗವಸು ಧರಿಸುವುದು ಈ ಹಂತದಿಂದ ಕಡ್ಡಾಯ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮರದ ಧೂಳನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಕೊಳೆತ ಮರದಲ್ಲಿ ಬೂಷ್ಟಿನ ಬೀಜಕಣಗಳೂ ಇರುತ್ತವೆ. ಮೂಗಿಗೆ ಕರವಸ್ತ್ರ ಕಟ್ಟಿದರೆ ಸಾಲದು, ಎನ್95 ದರ್ಜೆಯದು ಬೇಕು.

ಕಡಿಯುವುದು, ಅದೂ ಬೇಕಾದರೆ

ಒಂದು ಚಪ್ಪಟೆ ಉಳಿ, ಒಂದು ಗುಂಡುಳಿ, ಒಂದು ಬಾಗಿದ ಚಾಕು, ಅರ್ಧ ದುಂಡಿನ ಒರಟು ಅರ, ಮರದ ಕೊಡತಿ, ಸಣ್ಣ ಹಲ್ಲಿನ ಗರಗಸ. ಇಷ್ಟರಿಂದ ವರ್ಷಗಟ್ಟಲೆ ಕೆಲಸ ನಡೆಯುತ್ತದೆ. ಹದಿನೆಂಟು ಉಳಿಗಳ ಪೆಟ್ಟಿಗೆ ಕೊಳ್ಳುವ ಹಣದಲ್ಲಿ ಒಳ್ಳೆಯ ಸಾಣೆಕಲ್ಲು ಕೊಳ್ಳಿ. ಅಲಗಿನ ಇಳಿಜಾರು ಸುಮಾರು 25 ಡಿಗ್ರಿ ಇರಲಿ, ಸಾಣೆಯ ನಂತರ ಚರ್ಮದ ಪಟ್ಟಿಯ ಮೇಲೆ ತೀಡಿ. ಹಲ್ಲಿನ ಚಕ್ರ ಹಾಕಿದ ಗ್ರೈಂಡರ್ ಇಂಥ ಸೊಟ್ಟಪಟ್ಟ ಮರದಲ್ಲಿ ಸಿಕ್ಕಿಕೊಂಡು ಕೈಯತ್ತ ಚಿಮ್ಮುತ್ತದೆ. ಹೊಸಬರು ಅದನ್ನು ದೂರವಿಡುವುದು ಲೇಸು.

ಸೊಟ್ಟ ತುಂಡನ್ನು ಅಲುಗಾಡದಂತೆ ಹಿಡಿಯುವುದೇ ಒಂದು ಸಮಸ್ಯೆ. ಗೋಣಿಚೀಲಕ್ಕೆ ಅರ್ಧದಷ್ಟು ಮರಳು ತುಂಬಿ ಬಾಯಿ ಹೊಲಿಯಿರಿ. ಅದರ ಮೇಲೆ ತುಂಡನ್ನು ಒತ್ತಿಟ್ಟರೆ ಯಾವ ಆಕಾರಕ್ಕೂ ಮರಳೇ ಹಾಸಿಗೆಯಾಗುತ್ತದೆ. ಎರಡೂ ಕೈ ಸದಾ ಅಲಗಿನ ಹಿಂದೆಯೇ ಇರಬೇಕು.

ನಾರಿನ ದಿಕ್ಕು ಹಿಡಿಯುವುದು ಮುಖ್ಯ. ಉಬ್ಬಿನಲ್ಲಿ ನೆತ್ತಿಯಿಂದ ಇಳಿಜಾರಿಗೆ ಕಡಿಯಿರಿ. ತಗ್ಗಿನಲ್ಲಿ ಎರಡೂ ಅಂಚಿನಿಂದ ತಳದತ್ತ ಬನ್ನಿ, ತಳ ದಾಟಿ ಮೇಲೇರಬೇಡಿ. ಗಂಟಿನ ಸುತ್ತ ನಾರು ಸುತ್ತಿಕೊಂಡಿರುವುದರಿಂದ ಅಲ್ಲಿ ಉಳಿ ಚೂರುಗಳನ್ನು ಕಿತ್ತೆಬ್ಬಿಸುತ್ತದೆ. ಅರ ಹಿಡಿಯಿರಿ. ವಾಲಿ ಬೆಳೆದ ಕೊಂಬೆಯ ತಿರುಳು ನಡುವೆ ಇರದೆ ಒಂದು ಪಕ್ಕಕ್ಕೆ ಸರಿದಿರುತ್ತದೆ. ಅಂಥ ಮರದೊಳಗೆ ಬಿಗಿತ ಕೂಡಿಟ್ಟುಕೊಂಡಿರುತ್ತದೆ, ಗರಗಸ ಹಾಕಿದೊಡನೆ ತುಂಡು ಬಾಗಿ ಅಲಗನ್ನು ಕಚ್ಚಿಹಿಡಿಯಬಹುದು.

ಎಷ್ಟು ಕಡಿಯಬೇಕು ಎಂಬುದಕ್ಕೆ ರಷ್ಯಾದ ಮೊರ್ದ್ವಿನ್ ಜನಾಂಗದ ಶಿಲ್ಪಿ ಸ್ತೆಪಾನ್ ಎರ್ಜ್ಯಾ (1876–1959) ಒಳ್ಳೆಯ ಪಾಠ. ಅರ್ಜೆಂಟೀನಾದಲ್ಲಿದ್ದ ವರ್ಷಗಳಲ್ಲಿ ಅವರು ಕೆಬ್ರಾಚೊ ಎಂಬ ಬಲು ಗಟ್ಟಿ ಮರದ ಗಂಟುಬೊಡ್ಡೆಗಳನ್ನು ಆರಿಸಿಕೊಂಡು, ಮುಖವನ್ನಷ್ಟೇ ಕನ್ನಡಿಯಂತೆ ನಯಮಾಡಿ, ಮರದ ಒರಟು ಜಡೆಗಳನ್ನು ತಲೆಗೂದಲಾಗಿ ಹಾಗೆಯೇ ಬಿಟ್ಟರು. ನಯ ಇರುವುದರಿಂದ ಒರಟು ಕಾಣುತ್ತದೆ, ಒರಟು ಇರುವುದರಿಂದ ನಯ. ಎಲ್ಲವನ್ನೂ ಒಂದೇ ಸಮ ಉಜ್ಜಿದರೆ ಎರಡೂ ಹೋಗುತ್ತವೆ.

ಬಿರುಕುಗಳಿಗೆ ಮರದ ಪುಡಿ ಕಲಸಿದ ಅಂಟು ತುಂಬುವ ಚಾಳಿ ಬಿಡಿ. ಅದು ಎಣ್ಣೆ ಹೀರುವುದಿಲ್ಲ, ತೇಪೆಯಾಗಿ ಎದ್ದು ಕಾಣುತ್ತದೆ. ತುಂಬಲೇಬೇಕಿದ್ದರೆ ಮರ ಪೂರ್ತಿ ಒಣಗಿದ ಮೇಲೆ ಅದೇ ಮರದ ತೆಳು ಚಕ್ಕೆಯನ್ನು ನಾರಿನ ದಿಕ್ಕಿಗೆ ಕೂರಿಸಿ. ಕಬ್ಬಿಣದ ಮೊಳೆಯೂ ಬೇಡ, ಮರದ ಟ್ಯಾನಿನ್ ತಾಗಿ ಸುತ್ತ ಕಪ್ಪು ಕಲೆ ಹರಡುತ್ತದೆ. ಮರದ ಗೂಟ ಇಲ್ಲವೇ ಸ್ಟೇನ್‌ಲೆಸ್ ಸ್ಟೀಲ್ ಸರಳು ಒಳ್ಳೆಯದು.

ನಿಲ್ಲಿಸುವುದು

ಮೂರು ಕಡೆ ನೆಲ ಮುಟ್ಟುವ ಬೇರು ತಾನಾಗಿ ನಿಲ್ಲುತ್ತದೆ. ನಾಲ್ಕಾರು ಕಾಲುಗಳಿದ್ದರೆ ಕುಂಟುತ್ತದೆ. ಸಮತಟ್ಟಾದ ಮೇಜಿನ ಮೇಲೆ ಶಿಲ್ಪವನ್ನು ಬೇಕಾದ ಭಂಗಿಯಲ್ಲಿ ಚೂರು ಮರಗಳ ಬೆಣೆ ಕೊಟ್ಟು ನಿಲ್ಲಿಸಿ. ಪೆನ್ಸಿಲನ್ನು ಒಂದು ಮರದ ತುಂಡಿನ ಮೇಲೆ ಅಡ್ಡಲಾಗಿ ಇಟ್ಟು ಹಿಡಿದು, ಆ ತುಂಡನ್ನು ಮೇಜಿನ ಮೇಲೆ ಜಾರಿಸುತ್ತ ಪ್ರತಿ ಕಾಲಿನ ಸುತ್ತಲೂ ಗೆರೆ ಎಳೆಯಿರಿ. ಗೆರೆಗಳೆಲ್ಲ ಒಂದೇ ಎತ್ತರದಲ್ಲಿರುತ್ತವೆ. ಅಲ್ಲಿಗೆ ಕೊಯ್ದರೆ ಶಿಲ್ಪ ಅದೇ ಭಂಗಿಯಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ. ಬೆರಳಿನಿಂದ ತುಸು ತಳ್ಳಿ ನೋಡಿ. ಮರಳಿ ತನ್ನ ಜಾಗಕ್ಕೆ ಬಾರದೆ ವಾಲಿದರೆ ಪೀಠ ಬೇಕೆಂದೇ ಅರ್ಥ. ಪೀಠ ಕಲ್ಲಿನದಾಗಲಿ, ಮರದ್ದಾಗಲಿ, ಸಾದಾ ಇರಲಿ. ಅದಕ್ಕೂ ಕುಸುರಿ ಮಾಡಿದರೆ ನೋಡುವವರು ಪೀಠವನ್ನೇ ನೋಡುತ್ತಾರೆ.

ಮೆರುಗು

ಮಳೆ ಬಿಸಿಲಿಗೆ ಬೂದು ಬಣ್ಣಕ್ಕೆ ತಿರುಗಿದ ಮೇಲ್ಮೈ ಬರಲು ವರ್ಷಗಳು ಬೇಕು, ಮರಳುಕಾಗದಕ್ಕೆ ಅದನ್ನು ತೆಗೆಯಲು ಐದು ನಿಮಿಷ. ಅದು ಬೇಕೋ ಬೇಡವೋ ಎಂದು ಮೊದಲೇ ನಿರ್ಧರಿಸಿ. ಬೇಕಿದ್ದರೆ ಎಣ್ಣೆ ಹಚ್ಚಬೇಡಿ, ಎಣ್ಣೆ ಅದನ್ನು ಕಪ್ಪಾಗಿಸುತ್ತದೆ. ತೆಳುವಾಗಿ ಜೇನುಮೇಣ ಸಾಕು, ಅದನ್ನೂ ಮೊದಲು ಹಿಂಬದಿಯಲ್ಲಿ ಹಚ್ಚಿ ನೋಡಿ.

ನಯ ಮಾಡುವ ಭಾಗಕ್ಕೆ 80, 120, 180, 240 ಅಂಕಿಯ ಮರಳುಕಾಗದಗಳನ್ನು ಅದೇ ಕ್ರಮದಲ್ಲಿ ಬಳಸಿ, ನಾರಿನ ಗುಂಟ ಉಜ್ಜಿ. ನಡುವೆ ಒಮ್ಮೆ ಒದ್ದೆ ಬಟ್ಟೆಯಿಂದ ಒರೆಸಿ ಒಣಗಿಸಿದರೆ ಮಲಗಿದ್ದ ನಾರುಗಳು ಏಳುತ್ತವೆ. ಅವನ್ನೂ ಉಜ್ಜಿ. ಬಳಿಕ ಕಾಯಿಸಿದ ಅಗಸೆ ಎಣ್ಣೆಯನ್ನು (ಬಾಯ್ಲ್ಡ್ ಲಿನ್ಸೀಡ್ ಆಯಿಲ್) ಬಟ್ಟೆಯಿಂದ ತೆಳುವಾಗಿ ಹಚ್ಚಿ, ಕಾಲು ಗಂಟೆಯ ನಂತರ ಮಿಕ್ಕದ್ದನ್ನು ಒರೆಸಿಬಿಡಿ. ಪೂರ್ತಿ ಒಣಗಿದ ಮೇಲೆ ಮತ್ತೊಂದು ಲೇಪ, ಹಾಗೆ ಮೂರು. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ: ಒಣಗುವಾಗ ಅದು ಬಿಸಿಯಾಗಿ, ಯಾರೂ ಕಡ್ಡಿ ಗೀರದೆಯೇ ಹೊತ್ತಿಕೊಳ್ಳುತ್ತದೆ. ಹೊರಗೆ ಬಿಡಿಸಿ ಹರಡಿ ಒಣಗಿಸಿ ಅಥವಾ ನೀರಿನಲ್ಲಿ ಅದ್ದಿಡಿ.

ಬಯಲಿನಲ್ಲಿ ಇಡುವ ಶಿಲ್ಪವಾದರೆ ಯಾವ ಲೇಪವೂ ಹೆಚ್ಚು ಕಾಲ ಬಾಳುವುದಿಲ್ಲ. ನೆಲಕ್ಕೆ ತಾಗದಂತೆ ಕಲ್ಲಿನ ಮೇಲೆತ್ತಿ, ನೀರು ನಿಲ್ಲುವ ಗುಳಿಗಳ ತಳದಲ್ಲಿ ಸಣ್ಣ ತೂತು ಕೊರೆಯಿರಿ. ತೇವಾಂಶ 20 ಶೇಕಡಾಕ್ಕಿಂತ ಕೆಳಗಿದ್ದಷ್ಟು ಕಾಲ ಕೊಳೆಸುವ ಶಿಲೀಂಧ್ರಕ್ಕೆ ಬೆಳೆಯಲಾಗದು.

ಕೊನೆಗೆ ತಳದಲ್ಲಿ ಮರದ ಹೆಸರು, ಸಿಕ್ಕ ಜಾಗ, ಮುಗಿಸಿದ ವರ್ಷ, ಕೊಟ್ಟ ಔಷಧ ಮತ್ತು ಹಚ್ಚಿದ ಎಣ್ಣೆಯ ಹೆಸರು ಬರೆದಿಡಿ. ಮುಂದೆ ಯಾರಾದರೂ ದುರಸ್ತಿ ಮಾಡಬೇಕಾದಾಗ ಇದೇ ಆಧಾರ. ವರ್ಷಕ್ಕೊಮ್ಮೆ ಶಿಲ್ಪದ ಅಡಿಯಲ್ಲಿ ಬಿಳಿ ಹಾಳೆ ಹಾಸಿ ವಾರ ಬಿಟ್ಟು ನೋಡಿ. ಹಾಳೆಯ ಮೇಲೆ ಹಿಟ್ಟಿನಂಥ ಪುಡಿ ಬಿದ್ದಿದ್ದರೆ ಉಳಿದ ಮರಗಳಿಂದ ಅದನ್ನು ಬೇರ್ಪಡಿಸಿ ಮತ್ತೆ ಚೀಲಕ್ಕೆ ಕಟ್ಟಿ ಫ್ರೀಜರಿಗೆ ಹಾಕಿ. ಒಣಹವೆಯ ತಿಂಗಳುಗಳಲ್ಲಿ ಕೂದಲೆಳೆಯಷ್ಟು ಬಿರುಕು ತೆರೆದು ತೇವದ ದಿನಗಳಲ್ಲಿ ಮತ್ತೆ ಮುಚ್ಚಿಕೊಳ್ಳುವುದು ಸಹಜ, ಅದಕ್ಕೆ ಏನೂ ಮಾಡಬೇಕಾಗಿಲ್ಲ.